ಕುಸುರೆಳ್ಳು ಮತ್ತು ಥಂಡಿಯ ಮಾತು

ಸಂಕ್ರಾಂತಿಯ ಮುಂಜಾನೆ ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಓಣಿಗಳಲ್ಲಿ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಮೊದಲನೆಯದು, ಗೆಳೆಯರು ಕುಸುರೆಳ್ಳನ್ನು ಒಬ್ಬರೊಬ್ಬರ ಅಂಗೈಗೆ ಹಾಕುತ್ತ ಆಡುವ ಹಾರೈಕೆ: ‘ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೋಣು.’ ಮರಾಠಿ ನೆರೆಯವರು ‘ತಿಳಗೂಳ ಘ್ಯಾ, ಗೋಡ ಗೋಡ ಬೋಲಾ’ ಎನ್ನುತ್ತಾರೆ. ಎರಡನೆಯದು, ಅದರ ಬೆನ್ನಿಗೇ ಬರುವ ದೂರು: ‘ಏನ್ ಥಂಡಿಪಾ ಈ ವರ್ಷ!’

ಇವೆರಡನ್ನೂ ಪೊಳ್ಳು ಮಾತೆಂದು ತಳ್ಳಿಹಾಕುವ ವಿಚಾರವಂತರುಂಟು. ಒಳಗೆ ಸ್ನೇಹವಿಲ್ಲದೆ ರೂಢಿಗಾಗಿ ಸಿಹಿಮಾತಾಡುವುದು ಸುಳ್ಳಲ್ಲವೇ? ಬದಲಿಸಲಾಗದ ಹವೆಯನ್ನು ದೂರಿ ಫಲವೇನು? ಈ ಪ್ರಶ್ನೆ ಹಗುರವಾದುದಲ್ಲ. ನುಡಿಗೂ ನಡೆಗೂ ಅಂತರವಿರಬಾರದೆಂದ ಶರಣರ ಪರಂಪರೆಯಲ್ಲಿ, ಸಿದ್ಧರಾಮನ ಸೊನ್ನಲಿಗೆಯ ನೆರಳಿನಲ್ಲಿ ಬಾಳುವ ನಾವು ಇದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಉತ್ತರವನ್ನು ಸೂರ್ಯನಲ್ಲಿಯೇ ಹುಡುಕಬಹುದು. ಹಗಲು ಬೆಳೆಯತೊಡಗುವುದು ಡಿಸೆಂಬರ್ 22ರ ಸುಮಾರಿಗೆ. ನಾವು ಸಂಕ್ರಾಂತಿ ಆಚರಿಸುವುದು ಜನವರಿ 14 ಅಥವಾ 15ಕ್ಕೆ. ಮೂರು ವಾರ ಕಳೆದಿದ್ದರೂ ಚಳಿ ಬಿಟ್ಟಿರುವುದಿಲ್ಲ. ಇರುಳು ಇನ್ನೂ ಹಗಲಿಗಿಂತ ದೊಡ್ಡದು. ನೆಲ ಕಳೆದುಕೊಂಡ ಶಾಖ ಮರಳಲು ಕಾಲ ಬೇಕು. ಹಾಗೆಂದು ಸೂರ್ಯನ ತಿರುವನ್ನು ಸುಳ್ಳೆನ್ನುತ್ತೇವೆಯೇ? ತಿರುವು ಮೊದಲು, ಬಿಸುಪು ಆಮೇಲೆ.

ಹಾರೈಕೆಯೂ ಅಂಥದೇ. ಬದುವಿನ ಜಗಳಕ್ಕೋ ಚುನಾವಣೆಯ ವೈಮನಸ್ಸಿಗೋ ವರುಷವಿಡೀ ಮಾತು ಬಿಟ್ಟಿದ್ದ ಇಬ್ಬರು ಗೆಳೆಯರು, ಸಿದ್ಧೇಶ್ವರ ಜಾತ್ರೆಯ ನಂದಿಧ್ವಜಗಳು ಸಾಗುವ ದಾರಿಯಲ್ಲಿ ಎದುರಾಗುತ್ತಾರೆ. ತಪ್ಪಾಯಿತೆನ್ನುವ ಎದೆ ಇಬ್ಬರಿಗೂ ಇಲ್ಲ. ಹಬ್ಬ ಅವರ ನಾಲಗೆಗೆ ಸಿದ್ಧವಾದ ಮಾತೊಂದನ್ನು ಕೊಡುತ್ತದೆ. ಮನಸ್ಸು ತಣ್ಣಗಿರುವಾಗಲೇ ಕೈ ಮುಂದೆ ಬರುತ್ತದೆ. ಮೋಸಗೊಳಿಸಲು ಆಡಿದ್ದು ಸುಳ್ಳು; ಹಾಗೆ ಆಗಲೆಂದು ಆಡಿದ್ದು ಸಂಕಲ್ಪ. ಆ ವಾಕ್ಯದ ಕ್ರಿಯಾಪದವನ್ನೇ ಗಮನಿಸಿರಿ: ‘ಇದ್ದೇವೆ’ ಎಂದು ಯಾರೂ ಹೇಳುವುದಿಲ್ಲ, ‘ಇರೋಣು’ ಎನ್ನುತ್ತಾರೆ.

ಇನ್ನು ಥಂಡಿಯ ದೂರು. ಈ ದೂರಿಗೆ ಆರೋಪಿಯಿಲ್ಲ. ಆದ್ದರಿಂದ ಯಾರೂ ನೋಯುವುದಿಲ್ಲ. ಪಕ್ಷ, ಜಾತಿ, ಭಾಷೆ ಅಡ್ಡ ಬರುವುದಿಲ್ಲ. ಹಾರೈಸಿದ ಮೇಲೆ ಮುಂದೇನು ಮಾತಾಡುವುದೆಂದು ತಡವರಿಸುವವರನ್ನು ಅದು ಅರೆಗಳಿಗೆ ಹಿಡಿದು ನಿಲ್ಲಿಸುತ್ತದೆ. ಹಿಂಗಾರಿನ ಕಡಲೆ, ಗೋಧಿಗಳಿಗೆ ಈ ಚಳಿಯೇ ಬೇಕೆಂಬುದು ಗೊಣಗುವ ರೈತನಿಗೂ ಗೊತ್ತು.

ಆದರೆ ಚಳಿ ಎಲ್ಲರಿಗೂ ಒಂದೇ ಅಲ್ಲ. ಶಾಲು ಹೊದ್ದವರು ಗೊಣಗಿ ಮರೆಯುತ್ತಾರೆ. ಕಬ್ಬು ಕಡಿಯಲು ಬಂದು ರವದಿಯ ಗುಡಿಸಲಲ್ಲಿ ಕೂಸನ್ನು ಮಲಗಿಸಿದ ತಾಯಿಗೆ ಗೊಣಗಲೂ ಹೊತ್ತಿಲ್ಲ. ಹೆಂಡತಿಯನ್ನು ಕಳೆದುಕೊಂಡು ಒಂಟಿಯಾದ ಮುದಿ ಗೆಳೆಯ ‘ಥಂಡಿ ಬಹಳಪಾ’ ಎಂದಾಗ, ಬರೀ ಹವೆಯನ್ನು ಕುರಿತು ಹೇಳುತ್ತಿರಲಿಕ್ಕಿಲ್ಲ. ‘ಹೌದು, ಬಹಳ’ ಎಂದು ಮುಂದೆ ಸಾಗಿದರೆ ನಮ್ಮ ಕುಸುರೆಳ್ಳು ಬರೀ ಸಕ್ಕರೆ. ‘ರಾತ್ರಿ ನಿದ್ದಿ ಬರತದೇನು? ಹೊದಿಕಿ ಸಾಕಾಗತದೇನು?’ ಎಂದು ಕೇಳಿದರೆ ಹಾರೈಕೆ ನಿಜವಾಗತೊಡಗುತ್ತದೆ. ಬೆರಳ ತುದಿಯಿಂದ ಒಮ್ಮೆಲೇ ನೂರು ಜನಕ್ಕೆ ಹೋಗುವ ಶುಭಾಶಯದಲ್ಲಿ ಈ ಎರಡನೆಯ ಪ್ರಶ್ನೆಗೆ ಎಡೆಯಿಲ್ಲ.

ಕುಸುರೆಳ್ಳು ಮಾಡುವ ತಾಯಂದಿರನ್ನು ಕೇಳಿರಿ. ಪಾಕವನ್ನು ಒಂದೇ ಸಲ ಸುರಿದರೆ ಎಳ್ಳು ಗಂಟು ಕಟ್ಟುತ್ತದೆ. ಸಣ್ಣ ಉರಿಯ ಮೇಲೆ ಹನಿಹನಿಯಾಗಿ ಹಾಕುತ್ತ, ಕೈಯಾಡಿಸುತ್ತ ಕೂಡಬೇಕು. ಮಾತು ಬಿಟ್ಟವರ ಮನೆಗೆ ಈ ಸಂಕ್ರಾಂತಿಗೆ ಒಂದು ಹಿಡಿ ಒಯ್ಯೋಣ. ಥಂಡಿಯ ಮಾತಿನಿಂದಲೇ ಆರಂಭವಾಗಲಿ, ಚಿಂತೆಯಿಲ್ಲ.