ಸ್ಥೂಲಕಾಯದ ಚಿಕಿತ್ಸೆಯೂ ಲೋಕದ ನಾಲಗೆಯೂ



ದೇಹದ ತೂಕವನ್ನು ಇಳಿಸುವುದಕ್ಕೆಂದು ಜಠರದ ಮೇಲೆ ನಡೆಸುವ ಶಸ್ತ್ರಚಿಕಿತ್ಸೆಯು ಈಗ ನಮ್ಮ ನಾಡಿನಲ್ಲಿ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಗೆ ಹೋಗಿ ಇದನ್ನು ಮಾಡಿಸಿಕೊಂಡು ಬಂದ ಗೃಹಸ್ಥರೂ ಗೃಹಿಣಿಯರೂ ನಮ್ಮ ನಮ್ಮ ಓಣಿಗಳಲ್ಲಿಯೇ ಇದ್ದಾರೆ. ಅವರು ಮಠಕ್ಕೆ ಬರುತ್ತಾರೆ. ಪ್ರಸಾದದ ಪಂಕ್ತಿಯಲ್ಲಿ ಕುಳಿತು ನಾಲ್ಕು ತುತ್ತಿಗೆ ಕೈ ತಡೆಯುತ್ತಾರೆ. ಆಗ ಅಕ್ಕಪಕ್ಕದವರ ಕಣ್ಣುಗಳು ಅವರ ತಟ್ಟೆಯ ಮೇಲೆ ನೆಡುತ್ತವೆ. ಇಂಥವರ ವಿಷಯದಲ್ಲಿ ಎರಡು ಮಾತುಗಳು ಪದೇ ಪದೇ ಕಿವಿಗೆ ಬೀಳುತ್ತಿರುವುದರಿಂದ ಅವನ್ನು ಈ ಸಲ ವಿಚಾರಕ್ಕೆ ತೆಗೆದುಕೊಳ್ಳುತ್ತೇನೆ. “ನಾಲಗೆಯನ್ನು ಕಟ್ಟಲಾರದೆ ಹೊಟ್ಟೆಯನ್ನು ಕೊಯ್ಸಿಕೊಂಡರು” ಎಂಬುದು ಮೊದಲನೆಯದು. “ಅಷ್ಟು ಹಣ ಸುರಿದರೂ ಮತ್ತೆ ದಪ್ಪಗಾಗುತ್ತಿದ್ದಾರೆ” ಎಂಬುದು ಎರಡನೆಯದು. ಒಂದು ಮಾತು ಚಿಕಿತ್ಸೆಗೆ ಹೋದುದನ್ನೇ ತಪ್ಪೆನ್ನುತ್ತದೆ. ಮತ್ತೊಂದು, ಚಿಕಿತ್ಸೆಯು ಪವಾಡ ಮಾಡಲಿಲ್ಲವೆಂದು ತಪ್ಪೆಣಿಸುತ್ತದೆ. ಎರಡನ್ನೂ ಆಡುವ ನಾಲಗೆ ಬಹುಮಟ್ಟಿಗೆ ಒಂದೇ ಆಗಿರುವುದು ವಿಚಿತ್ರ.

ಹಸಿವು ಇಚ್ಛೆಗೆ ಅಧೀನವಾದುದು, ದೃಢಚಿತ್ತನು ಅದನ್ನು ಗೆಲ್ಲಬಲ್ಲನು, ಗೆಲ್ಲಲಾರದವನು ಸಂಯಮಹೀನನು ಎಂಬುದು ಇಲ್ಲಿಯ ಪೂರ್ವಪಕ್ಷ. ಕೇಳುವುದಕ್ಕೆ ಇದು ಧರ್ಮದ ಮಾತಿನಂತೆಯೇ ಇದೆ. ಆದರೆ ನಮ್ಮ ಪ್ರಾಚೀನ ವೈದ್ಯಶಾಸ್ತ್ರವೇ ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯಕ್ಕೆ ಅಷ್ಟೌನಿಂದಿತೀಯವೆಂದು ಹೆಸರು. ಲೋಕವು ಹಳಿಯುವ ಎಂಟು ಬಗೆಯ ಶರೀರಗಳನ್ನು ಅಲ್ಲಿ ಎಣಿಸಿದೆ. ತೀರ ಉದ್ದನೆಯವನು, ತೀರ ಗಿಡ್ಡನು ಮೊದಲಾದವರೊಡನೆ ಅತಿಸ್ಥೂಲನೂ ಅತಿಕೃಶನೂ ಆ ಎಣಿಕೆಯಲ್ಲಿ ಸೇರಿದ್ದಾರೆ. ಉಳಿದ ಆರು ಮಂದಿಯನ್ನು ಹೆಸರಿಸಿ ಬಿಟ್ಟು ಆಚಾರ್ಯನು ಈ ಇಬ್ಬರನ್ನೇ ವಿಸ್ತಾರವಾಗಿ ವಿವೇಚಿಸುತ್ತಾನೆ. ಏಕೆಂದರೆ ಇವರು ಚಿಕಿತ್ಸೆಗೆ ಪಾತ್ರರು. ಲೋಕದ ಕಣ್ಣಿಗೆ ನಿಂದಿತನಾದವನು ವೈದ್ಯನ ಕಣ್ಣಿಗೆ ರೋಗಿ. ನಮ್ಮ ಜನ ಆ ಅಧ್ಯಾಯದ ಹೆಸರನ್ನಷ್ಟೇ ಆಚರಣೆಗೆ ತಂದು ಒಳಗಿನ ವಿಚಾರವನ್ನು ಬಿಟ್ಟಂತೆ ತೋರುತ್ತದೆ.

ಸ್ಥೂಲತೆಗೆ ಅತ್ಯಾಹಾರ ಕಾರಣವೆಂದು ಅಲ್ಲಿ ಹೇಳಿಲ್ಲವೇ ಎಂದರೆ, ಹೇಳಿದೆ. ವ್ಯಾಯಾಮವಿಲ್ಲದಿರುವುದನ್ನೂ ಹಗಲು ನಿದ್ರೆಯನ್ನೂ ಹೇಳಿದೆ. ಆದರೆ ಅವುಗಳ ಸಾಲಿನಲ್ಲಿಯೇ ಬೀಜಸ್ವಭಾವವನ್ನೂ ಹೇಳಿದೆ. ತಾಯಿತಂದೆಗಳಿಂದ ಬಂದ ಶರೀರಧರ್ಮವೆಂದು ಅದರ ಅರ್ಥ. ಇನ್ನೊಂದು ಸೂಕ್ಷ್ಮವೂ ಅಲ್ಲಿದೆ. ಮೇದಸ್ಸು ಮಾರ್ಗಗಳನ್ನು ಮುಚ್ಚಿದಾಗ ವಾಯುವು ಕೋಷ್ಠದಲ್ಲಿಯೇ ಸುಳಿದಾಡಿ ಜಠರಾಗ್ನಿಯನ್ನು ಊದುತ್ತದೆ. ಉಂಡುದು ಬೇಗ ಕರಗುತ್ತದೆ, ಮತ್ತೆ ಹಸಿವಾಗುತ್ತದೆ. ಈ ಅಗ್ನಿವಾಯುಗಳು ಸ್ಥೂಲನನ್ನು ಸುಡುವ ಬಗೆಗೆ ಕಾಡ್ಗಿಚ್ಚಿನ ಹೋಲಿಕೆಯನ್ನು ಕೊಟ್ಟಿದೆ. ಎಂದ ಮೇಲೆ ಅತಿಯಾದ ಹಸಿವು ಸ್ಥೂಲತೆಗೆ ಕಾರಣವಷ್ಟೇ ಅಲ್ಲ, ಅದರ ಕಾರ್ಯವೂ ಹೌದು. ಹೊಟ್ಟೆಯೊಳಗೆ ಕಿಚ್ಚು ಹೊತ್ತಿದವನಿಗೆ ದಡದಲ್ಲಿ ನಿಂತು ಸಂಯಮವನ್ನು ಬೋಧಿಸುವುದು ಸುಲಭ.

ಈ ಕಾಲದ ವಿಜ್ಞಾನವು ಬೇರೆ ಮಾರ್ಗದಿಂದ ಇದರ ಸಮೀಪಕ್ಕೇ ಬಂದಿದೆ. ಜಠರದ ಮೇಲ್ಭಾಗದಲ್ಲಿ ಹೆಚ್ಚಾಗಿ ಹುಟ್ಟಿ, ರಕ್ತದಲ್ಲಿ ಸೇರಿ, ಮಿದುಳಿಗೆ ಹಸಿವನ್ನು ತಿಳಿಸುವ ಗ್ರೆಲಿನ್ ಎಂಬ ರಸವನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಪಥ್ಯದಿಂದ ತೂಕ ಇಳಿಸಿಕೊಂಡವರಲ್ಲಿ ಈ ರಸವು ಕಡಿಮೆಯಾಗುವುದಿರಲಿ, ಮೊದಲಿಗಿಂತ ಹೆಚ್ಚಾಗುತ್ತದೆಂದು 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಕಳೆದುಕೊಂಡ ತೂಕವನ್ನು ಶರೀರವು ನಷ್ಟವೆಂದೇ ಭಾವಿಸಿ ಮರಳಿ ಪಡೆಯಲು ಹವಣಿಸುತ್ತದೆ. ವರ್ಷಗಟ್ಟಲೆ ರಾತ್ರಿಯೂಟ ಬಿಟ್ಟು, ಹತ್ತು ಕಿಲೋ ಇಳಿಸಿ, ಹನ್ನೆರಡು ಕಿಲೋ ಏರಿಸಿಕೊಂಡವರ ಸಂಕಟಕ್ಕೆ ಮೂಲ ಇಲ್ಲಿದೆ.

ಇನ್ನು ಚಿಕಿತ್ಸೆಯ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಇದು ನಿನ್ನೆ ಮೊನ್ನೆ ಹುಟ್ಟಿದುದಲ್ಲ. 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಎಂಬ ವೈದ್ಯರು ಬೈಪಾಸ್ ಎಂಬ ಕ್ರಮವನ್ನು ಆರಂಭಿಸಿದರು. ಜಠರದ ಮೇಲ್ತುದಿಯಲ್ಲಿ ಒಂದು ಸಣ್ಣ ಚೀಲವನ್ನು ಬೇರ್ಪಡಿಸಿ ಅದನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ. ಈಗಿನ ಪದ್ಧತಿಯಲ್ಲಿ ಆ ಚೀಲವು ಸುಮಾರು 30 ಮಿಲಿಲೀಟರು ಹಿಡಿಯುತ್ತದೆ. ಸ್ಲೀವ್ ಎಂಬ ಮತ್ತೊಂದು ಕ್ರಮದಲ್ಲಿ ಜಠರದ ಮುಕ್ಕಾಲು ಪಾಲಿಗೂ ಮಿಕ್ಕಿ ಕತ್ತರಿಸಿ ತೆಗೆದು, ಉಳಿದುದನ್ನು ತೋಳಿನಂತೆ ಕಿರಿದಾಗಿ ಹೊಲಿಯುತ್ತಾರೆ. ಆ ಮೇಲೆ ಬಹಳ ದಿನ ದ್ರವಾಹಾರ, ಅನಂತರ ಮೆತ್ತನೆಯ ಆಹಾರ, ಜೀವಮಾನವಿಡೀ ಪರೀಕ್ಷೆ, ಔಷಧ. ಇದನ್ನು ಸೋಮಾರಿಯ ಅಡ್ಡದಾರಿ ಎನ್ನುವವರು ಒಂದು ವಾರವಾದರೂ ಬೇಳೆಯ ಕಟ್ಟನ್ನು ಗುಟುಕು ಗುಟುಕಾಗಿ ಕುಡಿದು ನೋಡಲಿ. ಈಚೆಗೆ ತೂಕ ಇಳಿಸುವ ಚುಚ್ಚುಮದ್ದುಗಳು ಬಂದಿವೆ. ಅವನ್ನು ತೆಗೆದುಕೊಳ್ಳುವವರಿಗೂ ಇದೇ ಬಿರುದು ಸಲ್ಲುತ್ತಿದೆ.

ಎರಡನೆಯ ಮಾತಿಗೆ ಬರೋಣ. ಇಲ್ಲಿ ನಿಂದಕರದಷ್ಟೇ ಅಲ್ಲ, ಚಿಕಿತ್ಸೆ ಪಡೆಯುವವರ ತಿಳಿವಳಿಕೆಯೂ ತಿದ್ದುಪಡಿಯಾಗಬೇಕಾಗಿದೆ. ಸ್ವೀಡನ್ ದೇಶದಲ್ಲಿ 1987ರಲ್ಲಿ ಆರಂಭವಾದ ಒಂದು ದೀರ್ಘ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆ ಪಡೆದ 2010 ಮಂದಿಯನ್ನೂ ಪಡೆಯದೆ ಸಾಮಾನ್ಯ ಉಪಚಾರದಲ್ಲಿದ್ದ 2037 ಮಂದಿಯನ್ನೂ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬೈಪಾಸ್ ಆದವರ ತೂಕವು ಮೊದಲೆರಡು ವರ್ಷಗಳಲ್ಲಿ ಸರಾಸರಿ ಶೇಕಡ 32ರಷ್ಟು ಇಳಿದು, ಹತ್ತು ವರ್ಷಗಳ ಹೊತ್ತಿಗೆ ಶೇಕಡ 25ರ ಇಳಿಕೆಯಲ್ಲಿ ನಿಂತಿತು. ಚಿಕಿತ್ಸೆ ಪಡೆಯದವರ ತೂಕದಲ್ಲಿ ಸರಾಸರಿ ಶೇಕಡ 2ರಷ್ಟೂ ವ್ಯತ್ಯಾಸವಾಗಲಿಲ್ಲ. ಸುಮಾರು ಹನ್ನೊಂದು ವರ್ಷಗಳಲ್ಲಿ ಮೊದಲನೆಯ ಗುಂಪಿನಲ್ಲಿ 101 ಮಂದಿಯೂ ಎರಡನೆಯದರಲ್ಲಿ 129 ಮಂದಿಯೂ ತೀರಿಕೊಂಡಿದ್ದರು.

ಈ ಲೆಕ್ಕವನ್ನು ಒಬ್ಬ ಗೃಹಸ್ಥನಿಗೆ ಅನ್ವಯಿಸಿ ನೋಡಿ. 120 ಕಿಲೋ ತೂಗುತ್ತಿದ್ದವನು ಎರಡು ವರ್ಷಗಳಲ್ಲಿ 82ಕ್ಕೆ ಇಳಿಯಬಹುದು. ಕೆಲವು ವರ್ಷಗಳ ಮೇಲೆ 90ಕ್ಕೆ ಬಂದು ನಿಲ್ಲಬಹುದು. ಆ ಎಂಟು ಕಿಲೋ ಅವನ ಪಾಪದ ಫಲವಲ್ಲ, ವೈದ್ಯರ ಲೋಪವೂ ಅಲ್ಲ. ಚಿಕಿತ್ಸೆಯ ಸಾಮಾನ್ಯ ಗತಿಯೇ ಅಂಥದು. ಅವನ ಮೈಯಿಂದ ಮೂವತ್ತು ಕಿಲೋ ಇಳಿದೇ ಇದೆ. ಅವನು ಮಠದ ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತುತ್ತಾನೆ, ನೆಲದ ಮೇಲೆ ಕುಳಿತು ಲಿಂಗಪೂಜೆ ಮಾಡುತ್ತಾನೆ, ರಾತ್ರಿ ಉಸಿರುಕಟ್ಟದೆ ನಿದ್ರಿಸುತ್ತಾನೆ. ನೆರೆಯವರು ಮಾತ್ರ ಇಳಿದ ಮೂವತ್ತನ್ನು ಬಿಟ್ಟು ಏರಿದ ಎಂಟನ್ನು ಎಣಿಸುತ್ತಾರೆ. ಅವರ ಎಣಿಕೆಯನ್ನೇ ನಂಬಿ ಅವನು ನಾಚಿ, ವೈದ್ಯರಲ್ಲಿಗೆ ಹೋಗುವುದನ್ನು ಬಿಟ್ಟನೆಂದರೆ ಅಲ್ಲಿಂದ ನಿಜವಾದ ಹಾನಿ ಮೊದಲಾಗುತ್ತದೆ. ತೂಕವು ಬಹಳವಾಗಿ ಮರಳುತ್ತಿದ್ದರೆ ಹೋಗಬೇಕಾದುದೇ ಆಗ.

ಸಕ್ಕರೆ ಕಾಯಿಲೆಯ ವಿಷಯವೂ ಹೀಗೆಯೇ. ಅದೇ ಅಧ್ಯಯನದ 2004ರ ವರದಿಯಂತೆ, ಆ ಕಾಯಿಲೆಯಿದ್ದು ಚಿಕಿತ್ಸೆ ಪಡೆದವರಲ್ಲಿ ಎರಡು ವರ್ಷಗಳ ಮೇಲೆ ನೂರಕ್ಕೆ 72 ಮಂದಿಗೆ ಅದು ಶಮನವಾಗಿತ್ತು. ಹತ್ತು ವರ್ಷಗಳ ಮೇಲೆ ಶಮನಸ್ಥಿತಿಯಲ್ಲಿದ್ದವರು 36 ಮಂದಿ. ಇದು ದೊಡ್ಡ ಉಪಕಾರವೇ ಸರಿ. ಆದರೆ ಮಾತ್ರೆಯ ಡಬ್ಬಿಯನ್ನು ಎಸೆದು ಇನ್ನು ಮುಗಿಯಿತೆಂದು ಹೋಳಿಗೆಯೂಟಕ್ಕೆ ಕುಳಿತುಕೊಳ್ಳುವ ಬಗೆಯ ಉಪಕಾರವಲ್ಲ.

ಮೈಯಿಳಿದ ಮೇಲೆ ಹಿಗ್ಗಿದ್ದ ಚರ್ಮವು ತೋಳಿನಲ್ಲಿಯೂ ಹೊಟ್ಟೆಯಲ್ಲಿಯೂ ಜೋಲುತ್ತದೆ. ಕೆಲವು ತಿಂಗಳು ಕೂದಲುದುರುತ್ತದೆ. ಮೊದಲು “ಎಷ್ಟು ದಪ್ಪ” ಎಂದವರೇ ಈಗ “ಎಷ್ಟು ಸೊರಗಿದಿರಿ, ಒಳಗೇನಾದರೂ ದೊಡ್ಡ ಕಾಯಿಲೆಯೇ?” ಎಂದು ಕೇಳುತ್ತಾರೆ. ಗಂಡಹೆಂಡಿರ ಮನಸ್ತಾಪ, ಅತ್ತೆಸೊಸೆಯರ ವಿರಸ, ಸಾಲದ ಚಿಂತೆ, ಇವು ಜಠರದೊಳಗೆ ಇರುವ ವಸ್ತುಗಳಲ್ಲವಾದುದರಿಂದ ಶಸ್ತ್ರಕ್ಕೆ ಸಿಕ್ಕುವುದಿಲ್ಲ. ಹೊಸ ಶರೀರದೊಡನೆ ಹೊಸ ಬಾಳೇ ಬರುವುದೆಂದು ನೆಚ್ಚಿದವರಿಗೆ ಎರಡನೆಯ ವರ್ಷದಲ್ಲಿ ಮನಸ್ಸು ಕುಸಿಯುವುದುಂಟು. ಮನೆಯವರು ಇದನ್ನು ಕೊಬ್ಬೆಂದು ತಿಳಿಯದೆ ವೈದ್ಯರಿಗೆ ತಿಳಿಸಬೇಕು. ಬೈಪಾಸ್ ಆದವರಿಗೆ ಮದ್ಯವು ಬೇಗ ತಲೆಗೇರುತ್ತದೆ, ಚಟವೂ ಬೇಗ ಹತ್ತುತ್ತದೆ. ಲಿಂಗವಂತರ ಮನೆಯಲ್ಲಿ ಮದ್ಯದ ಮಾತೇಕೆ ಎಂದು ಹುಬ್ಬು ಗಂಟಿಕ್ಕುವ ಹಿರಿಯರಿಗೆ ನಾನು ಹೇಳಬೇಕಾದುದೇನೂ ಇಲ್ಲ. ತಮ್ಮ ಊರನ್ನು ಒಮ್ಮೆ ಸುತ್ತಿ ಬರಲಿ.

ಇಲ್ಲಿ ಒಂದು ಮಾತನ್ನು ಖಂಡಿತವಾಗಿ ಹೇಳದಿದ್ದರೆ ಆಗದು. ಕೆಲವು ತಾಯಿತಂದೆಗಳು ವರನು ಒಪ್ಪಲಿಲ್ಲವೆಂದು ಮಗಳನ್ನು ಈ ಚಿಕಿತ್ಸೆಗೆ ಕರೆದೊಯ್ಯುತ್ತಾರೆ. ಇದು ರೋಗದ ಚಿಕಿತ್ಸೆ, ವಧುವಿನ ಅಲಂಕಾರವಲ್ಲ. ತೂಕವನ್ನೂ ಎತ್ತರವನ್ನೂ ಜೊತೆಗಿರುವ ರೋಗಗಳನ್ನೂ ಅಳೆದು ವೈದ್ಯರು ನಿರ್ಣಯಿಸಬೇಕಾದುದನ್ನು ಮದುವೆಯ ದಲ್ಲಾಳಿಯು ನಿರ್ಣಯಿಸುವಂತಾಗಬಾರದು. ಚಿಕಿತ್ಸೆಯಾದ ಮೇಲೆ ಹನ್ನೆರಡರಿಂದ ಹದಿನೆಂಟು ತಿಂಗಳ ವರೆಗೆ ಗರ್ಭಧಾರಣೆಯನ್ನು ಮುಂದಕ್ಕೆ ಹಾಕಬೇಕೆಂದು ವೈದ್ಯರು ಹೇಳುತ್ತಾರೆ. ಮುಚ್ಚಿಟ್ಟು ಮದುವೆ ಮಾಡಿ, ವರ್ಷ ತುಂಬುವುದರೊಳಗೆ ಮೊಮ್ಮಗುವನ್ನು ಕೇಳುವ ಅತ್ತೆಯ ಕೈಗೆ ಆ ಹುಡುಗಿಯನ್ನು ಒಪ್ಪಿಸುವುದು ಯಾವ ವಾತ್ಸಲ್ಯ? ಕೈಹಿಡಿಯುವವನಿಗೆ ಈ ವಿಷಯವನ್ನು ಹೇಳತಕ್ಕದ್ದು. ಊರಿಗೆ ಹೇಳಬೇಕಾದ ಋಣ ಯಾರಿಗೂ ಇಲ್ಲ.

ನಿಂದಿಸುವವರು ತಮ್ಮ ಪರವಾಗಿ ಧರ್ಮವನ್ನು ಎಳೆದು ತರುವುದುಂಟು. ಭಕ್ತನು ದಾರಿ ತಪ್ಪಿದಾಗ ಸಹಿಸದೆ ಹೇಳುವುದು ಗಣಾಚಾರವಲ್ಲವೇ ಎನ್ನುತ್ತಾರೆ. ಗಣಾಚಾರವು ಶಿವನಿಂದೆಯನ್ನು ಸಹಿಸದಿರುವುದು. ನೆರೆಯವನ ತುತ್ತುಗಳನ್ನು ಎಣಿಸುವುದಲ್ಲ. ಪಂಚಾಚಾರಗಳಲ್ಲಿ ಶಿವಾಚಾರವೂ ಇದೆ, ಭೃತ್ಯಾಚಾರವೂ ಇದೆ. ಲಿಂಗಧಾರಿಗಳಲ್ಲಿ ಭೇದವೆಣಿಸದಿರುವುದು ಒಂದು, ಶಿವಭಕ್ತರಿಗೆ ತಾನು ಕಿಂಕರನೆಂದು ನಡೆಯುವುದು ಇನ್ನೊಂದು. ಕಿಂಕರನಾದವನು ಒಡೆಯನ ಸೊಂಟದ ಸುತ್ತಳತೆಯನ್ನು ಚರ್ಚೆಗೆ ತರುತ್ತಾನೆಯೇ?

ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನೂ ಇಂಥ ಸಂದರ್ಭದಲ್ಲಿ ಕೆಲವರು ಉದಾಹರಿಸುತ್ತಾರೆ. ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಆ ತಾಯಿ ಹಿಂದಕ್ಕೆ ಕಳುಹಿದರು. ಈ ಕಥೆಯನ್ನು ದಪ್ಪನೆಯವರಿಗೆ ಮಿತಾಹಾರವನ್ನು ಬೋಧಿಸುವುದಕ್ಕೆ ಬಳಸುವುದು ಅಪಪ್ರಯೋಗ. ಲಕ್ಕಮ್ಮನವರು ಅಳೆದದ್ದು ತಮ್ಮ ಮನೆಯ ಅಕ್ಕಿಯನ್ನು. ಪಕ್ಕದ ಮನೆಯ ಮಡಕೆಯಲ್ಲಿ ಇಣಿಕಿ ನೋಡಿದರೆಂದು ಕಥೆ ಹೇಳುವುದಿಲ್ಲ. ಚಿಕಿತ್ಸೆ ಪಡೆದವನಿಗೆ ಅವನ ಅಳತೆ ಈಗ ಒಂದು ಚಿಕ್ಕ ಬಟ್ಟಲಷ್ಟಾಗಿದೆ. ಅದನ್ನು ಅವನು ಅರಿತಿದ್ದಾನೆ. ಅರಿಯದವರು ಬಡಿಸುವವರು.

ಗೃಹಿಣಿಯರು ಗಮನಿಸತಕ್ಕ ಸಂಗತಿಗಳು ಕೆಲವಿವೆ. ಆ ಚಿಕ್ಕ ಬಟ್ಟಲಿನಲ್ಲಿ ಮೊದಲ ಸ್ಥಾನ ಸಾರಾಂಶವುಳ್ಳ ಪದಾರ್ಥಕ್ಕೆ ಸಲ್ಲಬೇಕು. ದಿನಕ್ಕೆ 60 ಗ್ರಾಮಿಗೆ ಕಡಿಮೆಯಿಲ್ಲದಂತೆ ಪ್ರೋಟೀನು ಸೇರಬೇಕೆಂದು ವೈದ್ಯರ ವಿಧಿ. ಶಾಕಾಹಾರಿಗಳಾದ ನಮ್ಮವರಿಗೆ ಇದು ಪ್ರಯಾಸದ ಕೆಲಸ; ಹೆಸರುಬೇಳೆ, ಮೊಳಕೆಯ ಕಾಳು, ಗಟ್ಟಿ ಮೊಸರು, ಪನೀರು, ಸೋಯಾ ಇವುಗಳಿಂದ ಕೂಡಿಸಬೇಕು. ಅನ್ನವೂ ಮುದ್ದೆಯೂ ರೊಟ್ಟಿಯೂ ಆಮೇಲಿನವು. ಬಿ12 ಎಂಬ ಜೀವಸತ್ವವು ಶಾಕಾಹಾರದಲ್ಲಿ ಮೊದಲೇ ವಿರಳ, ಚಿಕಿತ್ಸೆಯಾದ ಮೇಲೆ ಮೈಗೂಡುವುದು ಇನ್ನೂ ವಿರಳ. ಅದರ ಕೊರತೆಯಿಂದ ಕೈಕಾಲು ಜೋಮು ಹಿಡಿಯುತ್ತದೆ, ನರಗಳಿಗೆ ಹಾನಿಯಾಗುತ್ತದೆ. ಆ ಮಾತ್ರೆ ಅಥವಾ ಚುಚ್ಚುಮದ್ದನ್ನೂ ಕಬ್ಬಿಣ, ಸುಣ್ಣದ ಅಂಶಗಳ ಮಾತ್ರೆಗಳನ್ನೂ ಮೈ ಚೆನ್ನಾಗಿದೆಯೆಂದು ನಿಲ್ಲಿಸಲಾಗದು. ಬೈಪಾಸ್ ಆದವರಿಗೆ ಪಾಯಸ, ಹುಗ್ಗಿ, ಹೋಳಿಗೆಗಳನ್ನು ಒತ್ತಾಯದಿಂದ ಬಡಿಸುವುದಂತೂ ಹಿಂಸೆ. ಸಿಹಿಯು ಕರುಳಿಗೆ ಒಮ್ಮೆಲೆ ಇಳಿದು ಎದೆ ಡವಗುಟ್ಟುತ್ತದೆ, ಬೆವರು ಕಿತ್ತು ತಲೆ ತಿರುಗುತ್ತದೆ, ಭೇದಿಯಾಗುತ್ತದೆ. “ಜಾತ್ರೆಯ ದಿನ ಒಂದು ಸೌಟು ತಿಂದರೆ ಏನಾಗುತ್ತದೆ?” ಎಂದು ಕೇಳುವವರಿಗೆ ಇದೇ ಉತ್ತರ.

ಉಳಿದದ್ದು ಪ್ರಸಾದದ ಪ್ರಶ್ನೆ. ಪ್ರಸಾದವನ್ನು ಬಿಡಬಾರದೆಂಬ ನೇಮವಿದೆ. ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವ ಸಂಪ್ರದಾಯವಿದೆ. ಈ ಚಿಕಿತ್ಸೆಯಾದವರಿಗೋ ಒಂದು ತುತ್ತು ಹೆಚ್ಚಾದರೂ ವಾಂತಿ. ಊಟದ ಜೊತೆಯಲ್ಲಿಯೂ ಅನಂತರ ಅರ್ಧ ಗಂಟೆಯೂ ನೀರು ನಿಷಿದ್ಧ. ಇದಕ್ಕೆ ಹೆದರಿ ಮಠಕ್ಕೆ ಬರುವುದನ್ನೇ ಬಿಟ್ಟವರಿದ್ದಾರೆಂದು ಕೇಳಿ ವ್ಯಸನವಾಗುತ್ತದೆ. ಪ್ರಸಾದದ ಮಹಿಮೆ ಪ್ರಮಾಣದಲ್ಲಿಲ್ಲ, ಅರ್ಪಣದಲ್ಲಿದೆ. ಲಿಂಗಕ್ಕೆ ಅರ್ಪಿತವಾದ ಒಂದು ಅಗುಳನ್ನು ಸ್ವೀಕರಿಸಿದವನೂ ಪ್ರಸಾದಿಯೇ. ಆದುದರಿಂದ ಬಿಡುವ ಪ್ರಸಂಗವೇ ಬಾರದಂತೆ ಮೊದಲೇ ಕಡಿಮೆ ಬಡಿಸಿಕೊಳ್ಳಬೇಕು. ತಟ್ಟೆಯ ಬದಲು ಚಿಕ್ಕ ಬಟ್ಟಲನ್ನು ಇಟ್ಟುಕೊಂಡು, ಅದನ್ನು ಒಂದೆರಡು ಚಮಚೆ ನೀರಿನಲ್ಲಿ ತೊಳೆದು, ಮರೆಯಿಟ್ಟು, ಅರ್ಧ ಗಂಟೆಯ ಮೇಲೆ ಸೇವಿಸಿದರೆ ಆಚಾರಕ್ಕೆ ಭಂಗವಿಲ್ಲ. ಪಂಕ್ತಿಯವರು ಎದ್ದ ಮೇಲೂ ಅವರು ನಿಧಾನವಾಗಿ ಅಗಿಯುತ್ತ ಕುಳಿತಿದ್ದರೆ ನೆಲ ಒರೆಸುವ ಆತುರ ತೋರಬಾರದು. ಬಡಿಸುವ ತರುಣರಿಗೆ ಇದನ್ನೆಲ್ಲ ಪಂಕ್ತಿ ಕೂಡುವ ಮೊದಲೇ ತಿಳಿಸಿಡುವುದು ಮಠದ ಹಿರಿಯರ ಕೆಲಸ, ಸೌಟು ಹಿಡಿದು ಎದುರಿಗೆ ನಿಂತವನು ಎಲ್ಲರ ಕಿವಿಗೆ ಬೀಳುವಂತೆ “ಏಕೆ ಸಾಕು?” ಎಂದು ಕೇಳುವಂತಾಗಬಾರದು.