ನೆಟ್ಟು ಕಾಯುವುದು, ನೆಡದೆ ಕಾಯುವುದು

ತಾಳಿದವನು ಬಾಳಿಯಾನು ಎಂದ ಬಾಯಿಯೇ ನಾಳೆ ಎಂದವನ ಮನೆ ಹಾಳು ಎಂದೂ ಹೇಳುತ್ತದೆ. ಗಾದೆಗಳು ಹೀಗೆ ಒಂದನ್ನೊಂದು ಕಡಿಯುವುದನ್ನು ಕಂಡು ನಗುವವರಿದ್ದಾರೆ. ಎರಡೂ ಇಷ್ಟು ಕಾಲ ಬಾಳಿರಬೇಕಾದರೆ ಎರಡಕ್ಕೂ ತಮ್ಮ ತಮ್ಮ ಜಾಗ ಇರಲೇಬೇಕು. ಯಾವುದರ ಜಾಗ ಎಲ್ಲಿ ಎಂಬುದಷ್ಟೇ ಪ್ರಶ್ನೆ. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ತೆಂಗು-ಅಡಿಕೆಯ ಮನೆಗಳ ಜಗಲಿಗೆ ಈ ಪ್ರಶ್ನೆ ಈಗ ಹೊಸ ರೂಪದಲ್ಲಿ ಬಂದು ಕೂರುವ ಕಾಲ. ಪಿಯುಸಿ ಮುಗಿಸಿ ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಎಂಜಿನಿಯರಿಂಗ್ ಓದಲು ಹೊರಟವರಿಗೆ ಗೇಮಿಂಗ್ ಲ್ಯಾಪ್‌ಟಾಪ್ ಬೇಕು. ಪಾಠಕ್ಕೂ ಆಟಕ್ಕೂ ಅದೊಂದೇ ಯಂತ್ರ. ಅಡಿಕೆ ದುಡ್ಡು ಕೈಗೆ ಬಂದಾಗಲೇ ತಗೊಂಡುಬಿಡು ಎಂಬುದು ಹಿರಿಯರ ವಾದವಾದರೆ, ಜನವರಿಗೆ ಹೊಸದು ಬರುತ್ತದೆ, ತಡಿ ಎಂಬುದು ಕಿರಿಯರದು. ಆತುರ ಎಳೆಯರದು, ತಾಳ್ಮೆ ಹಿರಿಯರದು ಎಂಬ ಲೆಕ್ಕ ಇಲ್ಲಿ ತಲೆಕೆಳಗು. ಸಣ್ಣದಾಗಿ ಕಾಣುವ ಈ ಜಗ್ಗಾಟದಲ್ಲಿ ತತ್ವದ ಹಳೆಯ ಗಂಟೊಂದಿದೆ. ನಾಳೆ ಬರುವ ಉತ್ತಮಕ್ಕಾಗಿ ಇಂದು ಕೈಗೆಟುಕುವುದನ್ನು ಬಿಡುವುದು ವಿವೇಕವೋ, ವಿವೇಕದ ವೇಷ ತೊಟ್ಟ ಆಸೆಯೋ?

ಮೊದಲು ಯಂತ್ರದ ಸಂಗತಿಯನ್ನೇ ನೋಡೋಣ. ಲ್ಯಾಪ್‌ಟಾಪ್‌ಗಳಿಗಾಗಿ ಎನ್ವಿಡಿಯಾ ಕಂಪನಿ ತನ್ನ 30ರ ಸರಣಿಯ ಗ್ರಾಫಿಕ್ಸ್ ಚಿಪ್‌ಗಳನ್ನು 2021ರ ಜನವರಿಯಲ್ಲಿ ಘೋಷಿಸಿತು, 40ರ ಸರಣಿಯನ್ನು 2023ರ ಜನವರಿಯಲ್ಲಿ, 50ರ ಸರಣಿಯನ್ನು 2025ರ ಜನವರಿಯಲ್ಲಿ. ಎರಡು ವರ್ಷಕ್ಕೊಂದು ತಲೆಮಾರು. ನಡುವೆ ಹೊಸ ಪ್ರೊಸೆಸರ್, ಹೊಸ ಪರದೆ ಬರುತ್ತಲೇ ಇರುತ್ತವೆ. ಹಾಗಾದರೆ 'ಹೊಸದು ಬರಲಿದೆ' ಎಂಬ ಮಾತು ಯಾವ ದಿನ ಹೇಳಿದರೂ ನಿಜ. ಎಲ್ಲ ದಿನವೂ ನಿಜವಾಗಿರುವ ಮಾತು ಯಾವ ಒಂದು ದಿನದ ನಿರ್ಧಾರಕ್ಕೂ ಕಾರಣವಾಗಲಾರದು. ಅದನ್ನು ಕಾರಣವೆಂದು ಒಪ್ಪಿದವನು ಇಂದು ಕಾಯುತ್ತಾನೆ, ಅದೇ ತರ್ಕದಿಂದ ಮುಂದಿನ ವರ್ಷವೂ ಕಾಯಬೇಕಾಗುತ್ತದೆ. ಇನ್ನು, ಬಂದ ಹೊಸದು ಕನಸಿದ ಹೊಸದೇ ಆಗಿರಬೇಕೆಂದೂ ಇಲ್ಲ. ಲ್ಯಾಪ್‌ಟಾಪಿನ 4060 ಚಿಪ್‌ಗೆ 8 ಜಿಬಿ ಗ್ರಾಫಿಕ್ಸ್ ಮೆಮೊರಿ ಇತ್ತು. ಅದರ ಉತ್ತರಾಧಿಕಾರಿ 5060ಕ್ಕೂ ಅಷ್ಟೇ. ಅದಿರುವ ಯಂತ್ರಗಳು ಮಾರುಕಟ್ಟೆಗೆ ಬಂದದ್ದು 2025ರ ಮೇ ತಿಂಗಳಲ್ಲಿ. ಕಾದರೆ ಅಗ್ಗವಾಗುತ್ತದೆ ಎಂಬ ನಂಬಿಕೆಯೂ 2025ರ ಕೊನೆಯಲ್ಲಿ ಪೆಟ್ಟು ತಿಂದಿತು: ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಜಿಗಿದು, ಕಾದವರಿಗೆ ಬೆಲೆ ಏರಿದ ಮಾರುಕಟ್ಟೆ ಎದುರಾಯಿತು. ಘೋಷಣೆಗೂ ಕೈಗೆ ಬರುವುದಕ್ಕೂ ಇರುವ ದೂರವನ್ನು ಈ ತಾಲ್ಲೂಕುಗಳಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಭದ್ರೆಯಿಂದ ನೀರೆತ್ತಿ, ಅಜ್ಜಂಪುರದ ಬಳಿ ಸುರಂಗ ಹಾಯಿಸಿ ಬಯಲುಸೀಮೆಗೆ ಕೊಡುವ ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆಮೇಲೂ ಆ ಹಣಕ್ಕಾಗಿ ರಾಜ್ಯ ಕೇಳುತ್ತಲೇ ಬಂತು. ಕಾಲುವೆಯ ಭರವಸೆ ಇದೆಯೆಂದು ಆ ವರ್ಷದ ರಾಗಿ ಬಿತ್ತನೆಯನ್ನು ಯಾರೂ ಮುಂದೂಡುವುದಿಲ್ಲ.

ಹಾಗೆಂದು ರೈತ ಕಾಯುವುದೇ ಇಲ್ಲವೇ? ಕಾಯುವುದೇ ಅವನ ಅರ್ಧ ಬದುಕು. ಆದರೆ ಅವನು ಯಾವುದಕ್ಕೆ ಕಾಯುತ್ತಾನೆ ಎಂಬುದರಲ್ಲಿ ಎಲ್ಲವೂ ಇದೆ. ಬಿತ್ತುವ ಮೊದಲು ಅವನು ಕಾಯುವುದು ಹದಕ್ಕೆ. ಮಳೆ ಬಿದ್ದ ಮಣ್ಣು ಕಾಲಿಗೆ ಮೆತ್ತುವಷ್ಟು ಹಸಿಯಾಗಿರದೆ, ಧೂಳೇಳುವಷ್ಟು ಒಣಗಿಯೂ ಇರದೆ ಇರುವ ಒಂದೆರಡು ದಿನಗಳಿಗೆ ಹದ ಎಂದು ಹೆಸರು. ಹದ ಬಂತೋ ಇಲ್ಲವೋ ಎಂಬುದನ್ನು ಮಣ್ಣು ಮುಟ್ಟಿ ಹೇಳಬಹುದು. ಬಂದ ಮೇಲೆ ತಡೆದರೆ ಅದು ಜಾರಿಹೋಗುತ್ತದೆ. ಆರಿದ್ರೆಯಲ್ಲಿ ಹದ ಕೈಗೆ ಸಿಕ್ಕಿರುವಾಗ ಪುನರ್ವಸುವಿನಲ್ಲಿ ಇನ್ನೂ ಸೊಗಸಾದ ಹದ ಬಂದೀತು ಎಂದು ಕೂರುವವನನ್ನು ಊರು ತಾಳ್ಮೆಯವನೆಂದು ಹೊಗಳುವುದಿಲ್ಲ. ರೈತ ಎರಡನೆಯ ಸಲ ಕಾಯುವುದು ನೆಟ್ಟ ಮೇಲೆ. ಅಡಿಕೆ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು, ತೆಂಗಿಗೂ ಹೆಚ್ಚುಕಡಿಮೆ ಅಷ್ಟೇ ಅಥವಾ ಇನ್ನೂ ಹೆಚ್ಚು. ಆ ವರ್ಷಗಳಲ್ಲಿ ಮರ ಬೆಳೆಯುತ್ತಿರುತ್ತದೆ, ಕಾಯುವವನ ಕೈಗೆ ಕೆಲಸವೂ ಇರುತ್ತದೆ. ತಾಳಿದವನು ಬಾಳಿಯಾನು ಎಂಬ ಗಾದೆಯ ಜಾಗ ಅದು, ನೆಟ್ಟ ಮೇಲಿನದು. ನಾಳೆ ಎಂದವನ ಮನೆ ಹಾಳು ಎಂಬುದು ನೆಡುವ ಮೊದಲಿನದು. ಹೀಗೆ ನೋಡಿದರೆ ಎರಡು ಗಾದೆಗಳ ನಡುವೆ ಜಗಳವೇ ಇಲ್ಲ.

ನೆಡುವುದನ್ನು ಮುಂದೂಡಿದರೆ ಕಳೆದುಹೋಗುವುದು ಕಾಲ ಮಾತ್ರವಲ್ಲ, ಬರಬೇಕಾದ ಉತ್ತಮವೂ. ಇದಕ್ಕೆ ಸಾಕ್ಷಿ ತರೀಕೆರೆಗೆ ಹತ್ತಿರದಲ್ಲೇ ಕಲ್ಲಿನಲ್ಲಿ ನಿಂತಿದೆ. ಹೊಯ್ಸಳ ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಅಮೃತಾಪುರದ ದೇವಾಲಯವನ್ನು ಕಟ್ಟಿಸಿದ. ಅಲ್ಲಿನ ಶಾಸನದ ಪದ್ಯಗಳು ಕವಿ ಜನ್ನನವು. ಮಂಟಪದ ಒಳಛಾವಣಿಗಳಲ್ಲಿ ಕೆಲಸ ಮಾಡಿದವನು ರೂವಾರಿ ಮಲ್ಲಿತಮ್ಮ. ಅರುವತ್ತಕ್ಕೂ ಹೆಚ್ಚು ವರ್ಷಗಳ ನಂತರ ಸೋಮನಾಥಪುರದ ಕೇಶವ ದೇವಾಲಯದ ಹಲವು ಮೂರ್ತಿಗಳ ಕೆಳಗೆ ಕಾಣುವುದೂ ಮಲ್ಲಿತಮ್ಮನೆಂಬ ಹೆಸರೇ. ಶಿಲ್ಪಿ ಇನ್ನೂ ಎಳೆಯ, ಕೈ ಪಳಗಲಿ, ಆಮೇಲೆ ಕಟ್ಟೋಣ ಎಂದು ದಂಡನಾಯಕ ಎಣಿಸಿದ್ದರೆ ಅಮೃತಾಪುರವೂ ಇರುತ್ತಿರಲಿಲ್ಲ. ಆ ಕೈ ಪಳಗುವುದಕ್ಕೆ ಇಲ್ಲಿನ ಛಾವಣಿಯೂ ಸಿಗುತ್ತಿರಲಿಲ್ಲ. ನಾಳೆಯ ಉತ್ತಮವು ಎಲ್ಲೋ ಸಿದ್ಧವಾಗಿ ಕೂತು ನಮಗಾಗಿ ದಾರಿ ನೋಡುತ್ತಿರುತ್ತದೆ ಎಂಬುದು ಭ್ರಮೆ. ಅದು ಇಂದಿನ ಸಾಧಾರಣದ ಹೊಟ್ಟೆಯಲ್ಲೇ ಹುಟ್ಟಬೇಕು. ಲ್ಯಾಪ್‌ಟಾಪಿನ ಮಟ್ಟಿಗೂ ಇದು ನಿಜ. ಮೂರು ಆಯಾಮದ ಚಿತ್ರ ರಚನೆಯನ್ನೋ ಪ್ರೋಗ್ರಾಮಿಂಗನ್ನೋ ಇಂದಿನ ಯಂತ್ರದಲ್ಲಿ ಕಲಿತ ಕೈಗೆ ಮಾತ್ರ ನಾಳಿನ ಯಂತ್ರದ ಬಲ ತಿಳಿದೀತು.

ಇದಕ್ಕೆ ಈ ನೆಲದಿಂದಲೇ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಅಡಿಕೆ ಬೆಳೆಗಾರ ಕೊಯ್ದ ಅಡಿಕೆಯನ್ನು ಆ ದಿನವೇ ಮಂಡಿಗೆ ಹಾಕುವುದಿಲ್ಲ. ರೇಟು ಏರಲಿ ಎಂದು ಮೂಟೆ ಕಟ್ಟಿ ಇಡುತ್ತಾನೆ, ಎಷ್ಟೋ ಸಲ ಗೆಲ್ಲುತ್ತಾನೆ. ಉತ್ತಮಕ್ಕಾಗಿ ಕಾಯುವುದು ಅಲ್ಲಿ ಜಾಣತನವಾದರೆ ಇಲ್ಲೇಕೆ ದಡ್ಡತನ? ಉತ್ತರ ಅಜ್ಜಂಪುರದ ಕಡೆಯ ಈರುಳ್ಳಿಯಲ್ಲಿದೆ. ಒಣಗಿಸಿದ ಅಡಿಕೆ ಮೂಟೆಯಲ್ಲಿ ಕಾದೀತು; ಈರುಳ್ಳಿ ಕಾಯದು, ಕೊಳೆಯುತ್ತದೆ. ಆದ್ದರಿಂದ ಕಾಯುವವನು ಕೇಳಿಕೊಳ್ಳಬೇಕಾದದ್ದು ಬೆಲೆಯ ಪ್ರಶ್ನೆಗಿಂತ ಮೊದಲು ಸರಕಿನ ಪ್ರಶ್ನೆ: ನಾನು ಕೂಡಿಡುತ್ತಿರುವುದು ಇಡಬಹುದಾದದ್ದೇ? ಹಣ ಅಡಿಕೆಯ ಜಾತಿ. ಬ್ಯಾಂಕಿನಲ್ಲಿ ಆರು ತಿಂಗಳು ಇದ್ದರೂ ಇರುತ್ತದೆ. ಹದಿನೆಂಟರ ವಯಸ್ಸು, ಮೊದಲ ಸೆಮಿಸ್ಟರು, ಗೆಳೆಯರೊಂದಿಗೆ ಕೂಡಿ ಆಡುವ ಸಂಜೆ, ಇವು ಈರುಳ್ಳಿಯ ಜಾತಿ. ಹಣವನ್ನು ಉಳಿಸುತ್ತಿದ್ದೇನೆಂದು ಕಾಯುವವನು ಕೊಳೆಯುವ ಸರಕನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ.

ಎರಡನೆಯ ಆಕ್ಷೇಪ ಧರ್ಮದ ಕಡೆಯಿಂದ. ಕೊಳ್ಳುವುದು ಭೋಗ, ಕಾಯುವುದು ಸಂಯಮ; ಬೌದ್ಧರು ತೃಷ್ಣೆಯ ಬಗ್ಗೆ, ಜೈನರು ಅಪರಿಗ್ರಹದ ಬಗ್ಗೆ ಹೇಳಿದ್ದೆಲ್ಲ ಕಾಯುವವನ ಪರವಲ್ಲವೇ? ಬೇಡವೆಂದು ಬಿಟ್ಟವನ ಪರ, ಖಂಡಿತ. ಬಿಡದೆ ಕಾಯುವವನ ಪರವಲ್ಲ. ಮುಂದಿನದಕ್ಕಾಗಿ ದಿನವೂ ವಿವರ ಹುಡುಕುತ್ತ, ಅಂಕಿ ಹೋಲಿಸುತ್ತ ಇರುವವನು ಕೊಂಡವನಿಗಿಂತ ಹೆಚ್ಚು ಆಸೆಯನ್ನೇ ಮೇಯಿಸುತ್ತಿದ್ದಾನೆ. ಕಾಯುವಿಕೆಗೆ ಪುರಾಣ ಕೊಟ್ಟ ದೊಡ್ಡ ಹೆಸರು ಶಬರಿಯದು. ಅವಳು ಕಾದದ್ದು ರಾಮನಿಗೆ. ಮುಂದಿನ ವರ್ಷ ಬರಲಿರುವ ಇನ್ನೂ ಒಳ್ಳೆಯ ರಾಮನಿಗಲ್ಲ. ಕಾಯುವಾಗಲೂ ಆಶ್ರಮದ ಕೆಲಸ ನಿಲ್ಲಿಸಲಿಲ್ಲ. ಯಮನ ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕಾದ ನಚಿಕೇತ ಕೊನೆಗೆ ಮೃತ್ಯುವಿನ ರಹಸ್ಯವನ್ನು ಕೇಳಿದ. ಅದರ ಬದಲಿಗೆ ಯಮ ಒಡ್ಡಿದ ಸಂಪತ್ತು, ಆಯುಷ್ಯ ಯಾವುದೂ ಅವನನ್ನು ಕದಲಿಸಲಿಲ್ಲ. ಬೇಕಾದದ್ದು ಏನೆಂದು ಬಲ್ಲವನು ಕಾಯಬಲ್ಲ. ಅದನ್ನು ಅರಿಯದವನು ಪ್ರತಿ ಹೊಸ ಆಮಿಷಕ್ಕೂ ಸಾಲಿನಲ್ಲಿ ಮತ್ತೆ ಹಿಂದೆ ಹೋಗಿ ನಿಲ್ಲುತ್ತಾನೆ. ಕನ್ನಡದಲ್ಲಿ ಸಾಕು ಎಂಬ ಒಂದೇ ಸದ್ದಿಗೆ ಎರಡು ಅರ್ಥ: ಇಷ್ಟು ಸಾಲುತ್ತದೆ ಎಂಬುದೊಂದು, ಪೋಷಿಸು ಎಂಬುದಿನ್ನೊಂದು. ಅಜ್ಜಂಪುರದಲ್ಲಿ ತಳಿ ಕೇಂದ್ರವೇ ಇರುವ ಅಮೃತಮಹಲ್ ದನಗಳು ಕೀರ್ತಿ ಪಡೆದದ್ದು ಎರಡನೆಯ ಅರ್ಥದಿಂದ. ಹುಲ್ಲುಗಾವಲಿನಲ್ಲಿ ಇದ್ದುದನ್ನೇ ತಲೆಮಾರಿನಿಂದ ತಲೆಮಾರಿಗೆ ಸಾಕಿದವರಿಗೆ ತಳಿ ದಕ್ಕಿತು. ಸಾಕು ಎನ್ನದವನು ಸಾಕಲಾರ.

ಹಾಗಾದರೆ ಎಂದೂ ಕಾಯಬಾರದೇ? ಹದಕ್ಕೆ ಕಾಯಬಹುದು. ಹೊಸದರ ಮಾರಾಟದ ದಿನ ಗೊತ್ತಾಗಿದ್ದು ಕೆಲವೇ ವಾರ ಉಳಿದಿದ್ದರೆ, ಅಷ್ಟರಲ್ಲಿ ಓದಿಗೂ ಕೆಲಸಕ್ಕೂ ಪೆಟ್ಟು ಬೀಳದಿದ್ದರೆ, ಹೊಸದು ಬಂದಾಗ ಹಳೆಯ ದಾಸ್ತಾನಿನ ಬೆಲೆ ಇಳಿಯುವ ಲಕ್ಷಣ ಇದ್ದರೆ, ಆ ದಿನದ ತನಕ ತಡೆಯುವುದು ಜಾಣತನವೇ. ಆ ದಿನ ಯಾವುದು ಸಿಕ್ಕರೂ ಕೊಳ್ಳುತ್ತೇನೆ ಎಂದು ಮೊದಲೇ ನಿಶ್ಚಯಿಸಿರಬೇಕು, ಅಷ್ಟೇ. ಗಡುವಿಲ್ಲದ ಕಾಯುವಿಕೆಗೆ ಮಾತ್ರ ಈ ರಿಯಾಯಿತಿ ಸಲ್ಲದು. ಕೊಂಡ ಮರುತಿಂಗಳೇ ಇನ್ನೂ ಒಳ್ಳೆಯದು ಬಂದರೆ ಹೊಟ್ಟೆ ಉರಿಯದೇ ಎಂದು ಕೇಳಬಹುದು. ಉರಿಯುತ್ತದೆ, ಅದನ್ನು ಯಾವ ತತ್ವವೂ ತಪ್ಪಿಸದು. ಆದರೆ ಪಕ್ಕದವನು ಬೇಗ ಫಲ ಕೊಡುವ ಹೊಸ ತಳಿ ತಂದನೆಂದು, ಹೊಂಬಾಳೆ ಒಡೆದ ತನ್ನ ತೋಟವನ್ನು ಕಡಿದು ಹಾಕಿದ ರೈತ ಕಡೂರಿನಲ್ಲೂ ಸಿಗುವುದಿಲ್ಲ, ತರೀಕೆರೆಯಲ್ಲೂ ಸಿಗುವುದಿಲ್ಲ.