ಆಣೆ ಯಾರ ಎದುರು?

ಪೆರ್ನೆ ಎಂದರೆ ಬಂಟ್ವಾಳದ ಕಡೆಯವರಿಗೆ ಈಗಲೂ 2013ರ ಏಪ್ರಿಲ್ ನೆನಪಾಗುತ್ತದೆ. ಹೆದ್ದಾರಿಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿತು, ಅನಿಲ ಸೋರಿತು, ಬೆಂಕಿ ಹತ್ತಿತು. ರಸ್ತೆ ಬದಿಯ ಮನೆಗಳಲ್ಲಿ ತಮ್ಮ ಪಾಡಿಗೆ ತಾವಿದ್ದವರೂ ಜೀವ ಕಳೆದುಕೊಂಡರು. ಅಡುಗೆ ಅನಿಲ ಗಾಳಿಗಿಂತ ಭಾರ. ಮೇಲೇರಿ ಚದುರದೆ ತಗ್ಗು ಹುಡುಕಿ ಹರಿಯುತ್ತದೆ. ನಮ್ಮಲ್ಲಿ ಎಷ್ಟೋ ಕಡೆ ಹೆದ್ದಾರಿ ಮೇಲೆ, ಮನೆ-ತೋಟ ಕೆಳಗೆ.

ತೈಲೋದ್ಯಮಕ್ಕೆ ನಿಯಮಗಳಿಲ್ಲವೇ? ಬೇಕಾದಷ್ಟಿವೆ. ಭೋಪಾಲ ದುರಂತದ ಬೆನ್ನಿಗೇ, 1986ರಲ್ಲಿ, ಕೇಂದ್ರ ಪೆಟ್ರೋಲಿಯಂ ಸಚಿವಾಲಯದ ಅಡಿಯಲ್ಲಿ ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯ ಬಂತು. ಉದ್ಯಮ ತನಗೆ ತಾನೇ ಕಡಿವಾಣ ಹಾಕಿಕೊಳ್ಳಬೇಕೆಂಬುದು ಅದರ ತಳಹದಿ. ಉದ್ಯಮದ ಅನುಭವಿಗಳೇ ಕೂತು ಮಾನದಂಡ ಬರೆಯುತ್ತಾರೆ, ಸ್ಥಾವರಗಳ ಆಡಿಟ್ ನಡೆಯುತ್ತದೆ. ಇದನ್ನು ನಾನು ಹಗುರವಾಗಿ ಕಾಣಲಾರೆ. ವಾಲ್ವ್ ಎಲ್ಲಿ ಕೈಕೊಡುತ್ತದೆಂದು ತಹಶೀಲ್ದಾರರಿಗಿಂತ ಅಲ್ಲೇ ದುಡಿದ ಫಿಟ್ಟರಿಗೆ ಚೆನ್ನಾಗಿ ಗೊತ್ತು. ಮಂಗಳೂರಿನಿಂದ ಹಾಸನದ ಮೇಲಾಗಿ ಬೆಂಗಳೂರಿಗೆ ತೈಲ, ಸೋಲೂರಿಗೆ ಅನಿಲ ಒಯ್ಯುವ ಪೈಪ್‌ಲೈನುಗಳೂ ಅಪಾಯ ತಗ್ಗಿಸುವ ದಾರಿಯೇ. ನೆಲದಡಿ ಹೋದಷ್ಟು ಅನಿಲ ಬಿ.ಸಿ.ರೋಡ್, ಕಲ್ಲಡ್ಕ, ಮಾಣಿಯ ಪೇಟೆ ನಡುವೆ ಉರುಳಬೇಕಾಗಿಲ್ಲ.

ಆದರೆ ಸ್ಥಾವರದ ಗೇಟು ದಾಟಿದ ಮೇಲೆ ಲೆಕ್ಕ ಬೇರೆ. ಟ್ಯಾಂಕರ್ ಸಾಗಾಟದ ಗುತ್ತಿಗೆದಾರನದು, ಸ್ಟೇರಿಂಗ್ ನಿದ್ದೆಗೆಟ್ಟ ಚಾಲಕನ ಕೈಯಲ್ಲಿ, ತಿರುವು ಹೆದ್ದಾರಿ ಇಲಾಖೆಯದು, ಮನೆ ಪೆರ್ನೆಯವರದು. ತಪ್ಪು ಯಾರದೆಂದರೆ ಪ್ರತಿಯೊಬ್ಬರ ಬೆರಳೂ ಪಕ್ಕದವನ ಕಡೆಗೆ. ಕೊಳವೆಯನ್ನು ಹೂತ ಮಾತ್ರಕ್ಕೆ ಮುಗಿಯಲಿಲ್ಲ: 2021ರಲ್ಲಿ ಬಂಟ್ವಾಳದ ಸೊರ್ನಾಡಿನಲ್ಲಿ ಅದಕ್ಕೆ ತೂತು ಕೊರೆದು ಡೀಸೆಲ್ ಕದ್ದ ಪ್ರಕರಣ ಬಯಲಾಯಿತು. ಯಾವ ಆಡಿಟರ್ ದಿನಾ ಕೊಳವೆ ಹಾದ ಗದ್ದೆಯ ಬದುವಿನಲ್ಲಿ ನಡೆಯುತ್ತಾನೆ? ನಡೆಯುವವರು ಊರವರು.

ನಮ್ಮ ಪಣೋಲಿಬೈಲಿನ ದೈವಸ್ಥಾನದಲ್ಲಿ ಆಣೆ ಇಡುವವನು ಮನೆಯೊಳಗೆ ಬಾಗಿಲು ಹಾಕಿಕೊಂಡು ಇಡುವುದಿಲ್ಲ. ಕಲ್ಲುರ್ಟಿ ದೈವದ ಎದುರು, ನಾಲ್ಕು ಜನ ಕೇಳುವಂತೆ ಇಡುತ್ತಾನೆ. ತನಗೆ ತಾನೇ ಕಡಿವಾಣ ಹಾಕಿಕೊಳ್ಳುತ್ತೇನೆಂಬ ಉದ್ಯಮದ ಆಣೆಯೂ ಸುಳ್ಳಿರಲಿಕ್ಕಿಲ್ಲ. ಆದರೆ ಉದ್ಯಮದ ಅಪಾಯ ಹೊರುವವರ ಕಿವಿಗೆ ಆ ಆಣೆ ಬೀಳುವುದೇ ಇಲ್ಲ.

ಗ್ರಾಮಸಭೆಯಲ್ಲಿ ದಾರಿದೀಪ, ಚರಂಡಿಯ ಮಾತು ಹೇಗೂ ಬರುತ್ತದೆ. ಜತೆಗೆ ಇದೂ ಬರಲಿ: ನಮ್ಮ ಊರು ದಾಟುವ ಕೊಳವೆ, ಟ್ಯಾಂಕರುಗಳ ತಪಾಸಣೆಯಲ್ಲಿ ಕಂಡ ಕೊರತೆ ಯಾವುದು, ಸರಿಯಾದದ್ದೆಷ್ಟು, ಬಾಕಿ ಯಾಕೆ. ಕಂಪನಿಯ ಅಧಿಕಾರಿ ಕನ್ನಡದಲ್ಲಿ ಓದಿ ಹೇಳಲಿ, ಹೆದ್ದಾರಿ ಬದಿಯ ಮನೆಯವರ ಪ್ರಶ್ನೆ ಮುಗಿಯುವ ತನಕ ಕೂತಿರಲಿ.